ಸೋತವರನ್ನು ಗೆಲ್ಲಿಸುವ ಮೊದಲು

ಪ್ರಿಯರೇ,

ನಿಮ್ಮ ‘ಹದಿನಾಲ್ಕನೆಯ ದಿನ’ ನೀಳ್ಗತೆಯನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಾಗುತ್ತಿಲ್ಲ. ಅದಕ್ಕೇ ಇಷ್ಟುದ್ದದ ಉತ್ತರ.

1837ರ ಏಪ್ರಿಲ್‌ನಲ್ಲಿ ಸುಳ್ಯ, ಪುತ್ತೂರು ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನು ಹಿಡಿದು, ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿ, ಹದಿಮೂರು ದಿನ ಆಳಿತು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಡೆ ಬಂತು, ದಂಡು ಚದುರಿತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು. ನಿಮ್ಮ ಕಥೆಯಲ್ಲಿ ಕಂಪನಿಯ ಹಡಗುಗಳು ಬಿರುಗಾಳಿಗೆ ಸಿಕ್ಕಿ ಮುಳುಗುತ್ತವೆ, ದಂಡು ಗೆಲ್ಲುತ್ತದೆ. ಅಲ್ಲಿಂದ ಕೊನೆಯವರೆಗೂ ಬರೀ ವಿಜಯೋತ್ಸವ.

ಏಪ್ರಿಲ್ ನಡುವಿನ ಕಡಲು ಹೇಗಿರುತ್ತದೆಂಬುದು ಬೆಂಗ್ರೆಯ, ಮಲ್ಪೆಯ ಓದುಗರಿಗೆ ಚೆನ್ನಾಗಿ ಗೊತ್ತು. ನಿಮಗೆ ಬೇಕಾದಾಗ ಎದ್ದ ಆ ಬಿರುಗಾಳಿಯನ್ನು ಅವರು ನಂಬುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಹಾಯಿಹಡಗುಗಳ ಕಾಲದಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಬಂದರುಗಳು ತಿಂಗಳುಗಟ್ಟಲೆ ಮುಚ್ಚಿದಂತೆಯೇ. ಕಣ್ಣೂರಿನಿಂದ ನೆಲದ ದಾರಿಯಲ್ಲಿ ಬರುವವರು ಚಂದ್ರಗಿರಿ, ನೇತ್ರಾವತಿಗಳನ್ನು ನೆರೆಯಲ್ಲಿ ದಾಟಬೇಕು. ದಂಡು ಇನ್ನು ಏಳೆಂಟು ವಾರ ಊರನ್ನು ಉಳಿಸಿಕೊಂಡಿದ್ದರೆ ಅದಕ್ಕೆ ಇಡೀ ಒಂದು ಮಳೆಗಾಲ ಸಿಗುತ್ತಿತ್ತು. ಇತಿಹಾಸ ಬೇರೆ ದಾರಿ ಹಿಡಿಯಬಹುದಾಗಿದ್ದ ಜಾಗ ಅದು. ಆ ವಾರಗಳಲ್ಲಿ ದಂಡಿನವರು ಯಾರ ಅಕ್ಕಿ ಉಂಡರು, ದುಡ್ಡನ್ನು ಎಲ್ಲಿಂದ ತಂದರು? 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ, ಅಮರ ಸುಳ್ಯ ಮತ್ತು ಪುತ್ತೂರಿನ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. ದಂಗೆಯ ಮುಖ್ಯ ಕಾರಣಗಳಲ್ಲಿ ಇದೊಂದು. ಗೆದ್ದ ಸರ್ಕಾರಕ್ಕೂ ಕಂದಾಯ ಬೇಕಲ್ಲ, ಅದೇ ರೈತನ ಅಂಗಳದಲ್ಲಿ ಅದು ಯಾವ ಮುಖ ಹೊತ್ತು ನಿಲ್ಲುತ್ತದೆ? ಈ ಬಗ್ಗೆ ನಿಮ್ಮ ಕಥೆಯಲ್ಲಿ ಒಂದು ವಾಕ್ಯವೂ ಇಲ್ಲ. ನಿಮ್ಮ ರೈತರು 1942ರ ಭಾಷಣಗಳನ್ನು ಮಾಡುತ್ತಾರೆ. ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವನ್ನೂ ಕಂಪನಿ ತನ್ನ ಕೈಯಲ್ಲಿಟ್ಟುಕೊಂಡಿದ್ದ ದಿನಗಳವು. ಅವುಗಳ ಬೆಲೆಯ ಬಗ್ಗೆ ಅವರು ಮಾತಾಡಲಿ.

1850ರ ದರ್ಬಾರಿನ ಮಾಡಿಗೆ ಮಂಗಳೂರು ಹೆಂಚು ಹೊದಿಸಿದ್ದೀರಿ. ಬಾಸೆಲ್ ಮಿಶನ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಗೆದ್ದ ರಾಜ್ಯದಲ್ಲಿ ಆ ಮಿಶನ್ ಉಳಿಯಿತೇ ಎಂಬುದನ್ನೂ ನೀವು ತೀರ್ಮಾನಿಸಿಲ್ಲ. ಪಾದ್ರಿಗಳೆಲ್ಲ ಹಡಗು ಹತ್ತಿ ಹೋದರೆಂದು ಒಂದು ಕಡೆ ಬರೆದು, ಅವರೇ 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ನಾಯಕನ ಕೈಗೆ ಕೊಟ್ಟಿದ್ದೀರಿ. ಒಂದು ಘಟನೆಯನ್ನು ಬದಲಿಸಿದ ಮೇಲೆ ಅದರ ಹಿಂದೆ ಬರುವುದನ್ನೆಲ್ಲ ಮತ್ತೆ ಕಟ್ಟಬೇಕು.

ಇವೆಲ್ಲ ತಿದ್ದಬಹುದಾದ ಸಂಗತಿಗಳು. ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ, ಕೊಡಗನ್ನು ಆಳಿದ ಹಾಲೇರಿ ರಾಜಮನೆತನದವನೆಂದು ಜನರ ಮುಂದೆ ನಿಂತವನು ಪುಟ್ಟಬಸಪ್ಪನೆಂಬ ರೈತ. ಕೆದಂಬಾಡಿ ರಾಮಯ್ಯ ಗೌಡ ಮತ್ತಿತರ ಮುಂದಾಳುಗಳೇ ಅವನನ್ನು ಹಾಗೆ ನಿಲ್ಲಿಸಿದ್ದರು. ಸೋತದ್ದರಿಂದ ಆ ವೇಷವನ್ನು ಬಹಳ ಕಾಲ ಹೊರುವ ಪ್ರಮೇಯ ಅವನಿಗೆ ಬರಲಿಲ್ಲ. ಗೆದ್ದಿದ್ದರೆ? ಸಾಯುವವರೆಗೂ ಇನ್ನೊಬ್ಬನ ಹೆಸರಿನಲ್ಲಿ ಉಣ್ಣಬೇಕು, ಮಲಗಬೇಕು, ತೀರ್ಪು ಕೊಡಬೇಕು. ಅವನೂರಿನವನೊಬ್ಬ ತುಂಬಿದ ದರ್ಬಾರಿನಲ್ಲಿ ಬಾಯಿತಪ್ಪಿ ‘ಪುಟ್ಟಬಸಪ್ಪಾ’ ಎಂದು ಕರೆದರೆ ಆ ಮನುಷ್ಯ ಜೀವ ಸಹಿತ ಊರಿಗೆ ಮರಳುತ್ತಾನೆಯೇ? ಪಟ್ಟ ಕಟ್ಟಿದ ಗೌಡರೇ ಅವನನ್ನು ಇಳಿಸಲು ಹೊರಟರೆ? ಇಡೀ ಕಾದಂಬರಿಗಾಗುವಷ್ಟು ವಸ್ತು ಕೈಯಲ್ಲಿದೆ. ನೀವು ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವನನ್ನು ‘ಮಹಾರಾಜರು’ ಎಂದು ಕರೆದು ಮುಗಿಸಿದ್ದೀರಿ.

ನಿಮ್ಮ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತು. ಸೋತವರ ಹೋರಾಟ ನಮ್ಮ ಜಿಲ್ಲೆಯ ಜನರ ಬಾಯಲ್ಲಿ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಒಂದು ಸುಲಿಗೆಯ ಕಥೆಯಾಗಿಯೇ ಉಳಿಯಿತು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ನಿಮ್ಮ ಲೋಕದಲ್ಲೂ ಸೋತವರಿದ್ದಾರೆ. ದಂಗೆಯನ್ನು ಹತ್ತಿಕ್ಕಲು ನೆರವಾದ ಕೊಡಗಿನವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕಗಳನ್ನು ಕೊಟ್ಟಿತ್ತು. ಅಂಥವರು ನಿಮ್ಮ ರಾಜ್ಯದಲ್ಲಿ ಏನಾಗುತ್ತಾರೆ? ಕಲೆಕ್ಟರ್ ಕಚೇರಿಯ ಗುಮಾಸ್ತನೊಬ್ಬ ನಿಮ್ಮ ಕಥೆಯಲ್ಲಿ ಒಮ್ಮೆ ಬರುತ್ತಾನೆ, ಕೈಮುಗಿಯುತ್ತಾನೆ, ಮುಂದಿನ ಸಾಲಿನಲ್ಲಿ ಅವನನ್ನು ನೇತ್ರಾವತಿಗೆ ನೂಕುತ್ತಾರೆ, ಜನ ಕೇಕೆ ಹಾಕುತ್ತಾರೆ. ಅವನಿಗೆ ಹೆಸರಿಲ್ಲ. ಕಂಪನಿಯ ಪಕ್ಷದವರು ದಂಡಿನವರನ್ನು ದರೋಡೆಕೋರರ ಗುಂಪೆಂದು ಕಂಡಂತೆಯೇ ನೀವು ಅವನನ್ನು ಕಂಡಿದ್ದೀರಿ. ಗೆಲುವು ಕೈ ಬದಲಾಯಿತು, ಸೋತವನನ್ನು ನೋಡುವ ಕಣ್ಣು ಬದಲಾಗಲಿಲ್ಲ. ಪರ್ಯಾಯ ಇತಿಹಾಸ ಬರೆಯಲು ಹೊರಟವರಿಂದ ನಾನು ಇದಕ್ಕಿಂತ ಹೆಚ್ಚು ಕೇಳುತ್ತೇನೆ.

ಆ ಗುಮಾಸ್ತನಿಗೆ ಮಕ್ಕಳಿದ್ದರೆಂದು ಇಟ್ಟುಕೊಳ್ಳಿ. ಪ್ರತಿ ಏಪ್ರಿಲ್‌ನಲ್ಲಿ ಬಾವುಟಗುಡ್ಡೆಯಲ್ಲಿ ಉತ್ಸವ ನಡೆಯುವ ಊರಿನಲ್ಲಿ ಅವರು ಅಪ್ಪನ ಸಾವನ್ನು ಹೇಗೆ ಹೇಳಿಕೊಳ್ಳುತ್ತಾರೆ? ವಾಂತಿಭೇದಿಯಿಂದ ಸತ್ತರೆಂದೇ? ತಿಥಿಯನ್ನು ಬಾಗಿಲು ಮುಚ್ಚಿ ಮಾಡುತ್ತಾರೆಯೇ? ಮೊಮ್ಮಗನೊಬ್ಬ ಅದೇ ಉತ್ಸವದಲ್ಲಿ ಬಾವುಟ ಹಿಡಿದು ನಡೆಯುತ್ತಾನೆಯೇ, ಅವನ ಅಜ್ಜಿ ಅದನ್ನು ನೋಡುತ್ತಾಳೆಯೇ?

ಉತ್ಸವದ ಪುಟಗಳನ್ನು ಬಹುಪಾಲು ತೆಗೆಯಿರಿ. ಗೆದ್ದ ದಂಡು ಮೊದಲ ಮಳೆಗಾಲದಲ್ಲಿ ಊರೊಳಗೆ ಜಗಳವಾಡುವ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಗುಮಾಸ್ತನ ಮನೆಯ ಅಧ್ಯಾಯವನ್ನು ಬರೆದು ಅದನ್ನಷ್ಟೇ ಮೊದಲು ಕಳುಹಿಸಿ. ಆಗಸ್ಟ್ ಮುಗಿಯುವುದರೊಳಗೆ ನನ್ನ ಕೈಗೆ ಬಂದರೆ ದೀಪಾವಳಿ ವಿಶೇಷಾಂಕಕ್ಕೆ ಪರಿಗಣಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ, ಮಂಗಳೂರು