ಎಲೆಕ್ಟ್ರಾನ್ ಆಮೇಲೆ, ಮೊದಲು ತಕ್ಕಡಿ

ನಿಮ್ಮ ಪ್ರಶ್ನೆ ಇದು, ಅಲ್ವಾ? 9ನೇ ತರಗತಿಗೆ ಪರಮಾಣು ಹೇಗಿದೆ ಅಂತ ಹೇಳಿದ ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಅಂತ ಸಾಲಾಗಿ ಪಾಠ ಮಾಡಿದ್ದೀರಿ. ಮಕ್ಕಳು ಚಿತ್ರ ಬಿಡಿಸುತ್ತಾರೆ, ಇಸವಿ ಒಪ್ಪಿಸುತ್ತಾರೆ. ಆದರೆ "ಪರಮಾಣು ಇದೆ ಅಂತ ಹೇಗೆ ಗೊತ್ತು?" ಅಂದರೆ ಯಾರೂ ಬಾಯಿ ಬಿಡುವುದಿಲ್ಲ.

ನಾನೂ ಹೈಸ್ಕೂಲಿನಲ್ಲಿ ಇದೇ ಪಾಠ ಮಾಡುವವನು. ನಾವು ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ ಅನ್ನುವುದು ನನ್ನ ಅನಿಸಿಕೆ. ಪರಮಾಣು ಅನ್ನುವ ಮಾತನ್ನೇ ಎತ್ತದೆ, ತೂಕದಿಂದ ಶುರು ಮಾಡಿ ನೋಡಿ.

ನಾನು ಬೋರ್ಡ್ ಮೇಲೆ ಇಷ್ಟೇ ಬರೆಯುತ್ತೇನೆ. ಇಂಗಾಲ ಆಮ್ಲಜನಕದ ಜೊತೆ ಸೇರಿ ಎರಡು ಬೇರೆ ಬೇರೆ ಅನಿಲ ಕೊಡುತ್ತದೆ. ಒಂದರಲ್ಲಿ 3 ಗ್ರಾಂ ಇಂಗಾಲಕ್ಕೆ 4 ಗ್ರಾಂ ಆಮ್ಲಜನಕ. ಇನ್ನೊಂದರಲ್ಲಿ ಅದೇ 3 ಗ್ರಾಂಗೆ 8 ಗ್ರಾಂ. ಅನಿಲಗಳ ಹೆಸರು ಹೇಳುವುದಿಲ್ಲ, ಸೂತ್ರವನ್ನೂ ಬರೆಯುವುದಿಲ್ಲ. "ಯಾಕೆ 5 ಗ್ರಾಂ ಸೇರಲಿಲ್ಲ? ಆರೂವರೆ ಯಾಕಾಗಲಿಲ್ಲ?" ಅಂತ ಕೇಳಿ ಸುಮ್ಮನೆ ನಿಲ್ಲುತ್ತೇನೆ. ಸ್ವಲ್ಪ ಹೊತ್ತು ಗದ್ದಲ ಆಗುತ್ತದೆ, ಆಗಲಿ ಬಿಡಿ. ಆಮೇಲೆ ಇನ್ನೊಂದು ಜೋಡಿ ಕೊಡುತ್ತೇನೆ: ನೀರಿನಲ್ಲಿ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಮ್ಲಜನಕ, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 16 ಗ್ರಾಂ. ಮತ್ತೆ ಸರಿಯಾಗಿ ಎರಡರಷ್ಟು! ಆಗ ಯಾರಾದರೂ "ಬಿಡಿ ಬಿಡಿ ತುಂಡಾಗಿ ಸೇರುತ್ತೆ ಸಾರ್, ಅರ್ಧ ತುಂಡು ಹೋಗಲ್ಲ" ಅನ್ನುತ್ತಾರೆ. ಡಾಲ್ಟನ್ 1808ರಲ್ಲಿ ಪುಸ್ತಕವಾಗಿ ತಂದ ವಾದದ ಜೀವ ಇಲ್ಲೇ ಇದೆ. ಅವನ ಹೆಸರು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಪ್ರಾಚೀನ ಭಾರತದ ಕಣಾದ, ಗ್ರೀಸಿನ ಡೆಮಾಕ್ರಿಟಸ್ ಬಗ್ಗೆ ಎರಡು ಮಾತು ಸಾಕು. ಅವರದು ಒಳ್ಳೆಯ ಊಹೆ, ಆದರೆ ಕೈಯಲ್ಲಿ ತಕ್ಕಡಿಯ ಲೆಕ್ಕ ಇರಲಿಲ್ಲ.

ರಾಶಿ ಸಂರಕ್ಷಣೆಗೆ, ಅಂದರೆ ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ತೂಕ ಬದಲಾಗುವುದಿಲ್ಲ ಅನ್ನುವ ನಿಯಮಕ್ಕೆ, ಬೇರಿಯಂ ಕ್ಲೋರೈಡ್, ಸೋಡಿಯಂ ಸಲ್ಫೇಟ್ ದ್ರಾವಣಗಳ ಪ್ರಯೋಗವನ್ನೇ ಮಾಡಿ. ಬಿಳಿ ಗಷ್ಟು ಬರುತ್ತದೆ, ತೂಕ ಬದಲಾಗುವುದಿಲ್ಲ. ಬೇರಿಯಂ ವಿಷ, ಅದನ್ನು ನೀವೇ ಹಾಕಿ. ಅಡುಗೆ ಸೋಡಾ, ವಿನೆಗರ್ ಹಾಕಿ ಬಾಟಲಿ ಬಾಯಿಗೆ ಬಲೂನ್ ಕಟ್ಟುವ ಪ್ರಯೋಗ ಚೆನ್ನಾಗಿ ಕಾಣುತ್ತದೆ, ಆದರೆ ಕೈ ಕೊಡುತ್ತದೆ. ಬಲೂನ್ ಒಂದು ಲೀಟರ್ ಉಬ್ಬಿದರೆ ಅಷ್ಟೇ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಸುತ್ತಲ ಗಾಳಿ ಬಲೂನನ್ನು ಅಷ್ಟು ಮೇಲಕ್ಕೆತ್ತುವುದರಿಂದ ತಕ್ಕಡಿ ಸುಮಾರು 1.2 ಗ್ರಾಂ ಕಡಿಮೆ ತೋರಿಸುತ್ತದೆ. ನಿಯಮ ಸುಳ್ಳು ಅಂತ ಮಕ್ಕಳು ನಗುತ್ತಾರೆ.

ಡಾಲ್ಟನ್ ಎಡವಿದ್ದನ್ನೂ ಹೇಳಿ. ನೀರಿನಲ್ಲಿ ಒಂದು ಹೈಡ್ರೋಜನ್, ಒಂದೇ ಆಮ್ಲಜನಕ ಇದೆ ಅಂದುಕೊಂಡಿದ್ದ. ಸೂತ್ರ ಗೊತ್ತಿಲ್ಲದೆ ಪರಮಾಣು ತೂಕ ಸಿಗುವುದಿಲ್ಲ, ತೂಕ ಗೊತ್ತಿಲ್ಲದೆ ಸೂತ್ರ ಸಿಗುವುದಿಲ್ಲ. ಅವೊಗಾಡ್ರೊ 1811ರಲ್ಲೇ ದಾರಿ ತೋರಿಸಿದ್ದರೂ, 1860ರಲ್ಲಿ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕ್ಯಾನಿಜಾರೊ ಬಿಡಿಸಿ ಹೇಳಿದ ಮೇಲೇ ರಸಾಯನ ವಿಜ್ಞಾನಿಗಳು ಒಂದು ದಾರಿಗೆ ಬಂದದ್ದು. ದೊಡ್ಡವರೇ ಅರ್ಧ ಶತಮಾನ ಒದ್ದಾಡಿದ್ದಾರೆ ಅಂದರೆ ಮಕ್ಕಳಿಗೆ ಎಷ್ಟು ಸಮಾಧಾನ ನೋಡಿ.

ರುದರ್‌ಫೋರ್ಡ್ ಪ್ರಯೋಗಕ್ಕೆ, ಅಂದರೆ ತೆಳು ಚಿನ್ನದ ಹಾಳೆಗೆ ಧನ ವಿದ್ಯುದಂಶದ ಆಲ್ಫಾ ಕಣ ಹಾಯಿಸುವ ಪ್ರಯೋಗಕ್ಕೆ, ಬಂದಾಗ ಫಲಿತಾಂಶ ಹೇಳುವ ಮುಂಚೆ ಊಹೆ ಬರೆಸಿ. ಥಾಮ್ಸನ್ ಹೇಳಿದಂತೆ ಧನ ವಿದ್ಯುದಂಶ ಇಡೀ ಪರಮಾಣುವಿನಲ್ಲಿ ಹರಡಿದ್ದರೆ ಆಲ್ಫಾ ಕಣಗಳು ಏನಾಗಬೇಕು? ಹೆಚ್ಚುಕಡಿಮೆ ನೇರವಾಗಿ ದಾಟಬೇಕು. ಅದನ್ನು ಅವರ ಕೈಯಲ್ಲೇ ಬರೆಸಿದ ಮೇಲೆ, 1909ರಲ್ಲಿ ಈ ಪ್ರಯೋಗ ಮಾಡಿದ ಗೈಗರ್ ಮತ್ತು ಮಾರ್ಸ್‌ಡನ್‌ಗೆ ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ಬಂದದ್ದು ಕಂಡಿತು ಅನ್ನಿ. ಆಗ ಆ ಒಂದರ ಬೆಲೆ ಗೊತ್ತಾಗುತ್ತದೆ. ಧನ ವಿದ್ಯುದಂಶವೆಲ್ಲ ನಡುವಿನ ಒಂದು ಪುಟ್ಟ ತಿರುಳಿನಲ್ಲಿದೆ, ಅದೇ ನ್ಯೂಕ್ಲಿಯಸ್. ಪುಸ್ತಕದ ಚಿತ್ರದಲ್ಲಿ ಅದು ಸಿಕ್ಕಾಪಟ್ಟೆ ದೊಡ್ಡದು. ಒಂದು ಮಿಲಿಮೀಟರ್‌ನ ರಾಗಿ ಕಾಳು ನ್ಯೂಕ್ಲಿಯಸ್ ಆದರೆ ಪರಮಾಣು ಸುಮಾರು 100 ಮೀಟರ್ ಅಗಲ. ಮೈದಾನಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ನಡುನಡುವೆ ಇಂಥ ಪ್ರಶ್ನೆ ಕೇಳುತ್ತಿರಿ: ಗಾಳಿಯ ಅಣುಗಳ ನಡುವೆ ಏನಿದೆ? ಬಹಳ ಮಕ್ಕಳು "ಗಾಳಿ" ಅನ್ನುತ್ತಾರೆ! ಒಂಟಿ ಚಿನ್ನದ ಪರಮಾಣು ಹಳದಿಯೇ? ಕಬ್ಬಿಣ ಕಾದರೆ ಪರಮಾಣುವೇ ಊದುತ್ತದೆಯೇ? ಇವಕ್ಕೆ ಬರುವ ಉತ್ತರದಲ್ಲಿ ಯಾರಿಗೆ ಎಷ್ಟು ಅರ್ಥವಾಗಿದೆ ಅಂತ ತಿಳಿಯುತ್ತದೆ, ಕಿರುಪರೀಕ್ಷೆಗಿಂತ ಚೆನ್ನಾಗಿ.

ನ್ಯೂಕ್ಲಿಯಸ್ ಸುತ್ತಲಿನ ಯಾವ ಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಅನ್ನುವ ಲೆಕ್ಕಕ್ಕೆ ಜಾಸ್ತಿ ದಿನ ಕೊಡಬೇಡಿ, ಅದನ್ನು ಹೇಗೂ ಬೇಗ ಕಲಿಯುತ್ತಾರೆ. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಳ್ಳುತ್ತೀರಿ. ಮೂರನೇ ಕವಚಕ್ಕೆ 18 ಎಲೆಕ್ಟ್ರಾನ್ ಹಿಡಿಯುತ್ತದೆ ಅಂದಮೇಲೆ ಪೊಟ್ಯಾಸಿಯಂ ಯಾಕೆ 2, 8, 8, 1? 2, 8, 9 ಯಾಕಲ್ಲ? ಚುರುಕು ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಹೊರಗಿನ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ಇರುವುದಿಲ್ಲ ಅನ್ನುವುದು ಈ ತರಗತಿಯ ನಿಯಮ. ಕವಚದೊಳಗೆ ಉಪಕವಚಗಳಿವೆ, ನಾಲ್ಕನೆಯದರ ಮೊದಲ ಉಪಕವಚ ಮೂರನೆಯದು ಪೂರ್ತಿ ತುಂಬುವ ಮೊದಲೇ ತುಂಬುತ್ತದೆ, ವಿವರ ಪಿಯುಸಿಯಲ್ಲಿ ಬರುತ್ತದೆ ಅಂತ ಹೇಳಿಬಿಡಿ.