ನಾಯಿ ಸಾಕಿದೋರ ಪ್ರಶ್ನೆ: ಹೊಲಸು ಕಂಡ್ರ ಹೊಳ್ಳಾಡೋದ್ಯಾಕ?

ಪ್ರಶ್ನೆ: ನಮಸ್ಕಾರ ಸರ್ರ. ನಮ್ಮದು ಕಾರಟಗಿ ಹತ್ರ ಒಂದ್ ಕ್ಯಾಂಪು, ಮನಿ ಹಿಂದನ ಕಾಲುವಿ ಐತಿ. ನಮ್ಮ ಟೈಗರ್ ಲ್ಯಾಬ್ರಡಾರ್ ನಾಯಿ, ಬಾಕಿ ಎಲ್ಲಾದ್ರಾಗೂ ಭಾಳ ಶಾಣ್ಯಾ, ಆದ್ರ ಕಾಲುವಿ ದಂಡಿಗೆ ಒಂದ್ ಸತ್ತ ಮೀನ ಸಿಕ್ತಂದ್ರ ಮುಗೀತು, ಮದವಿಗೆ ಹೊಂಟೋರು ಅತ್ತರ್ ಹಚ್ಕೊಂಡಂಗ ಕುತ್ತಿಗಿ ಭುಜ ಎಲ್ಲಾ ತಿಕ್ಕೊಂಡು ಮನಿಗೆ ಬರ್ತೈತಿ. ನಮ್ಮವ್ವ ಒಳಗ ಕಾಲಿಡಾಕ ಬಿಡಂಗಿಲ್ಲ ಅಂತಾಳ. ಹೊಡದೂ ನೋಡಿದ್ವಿ, ಏನೂ ಫರಕ್ ಆಗ್ಲಿಲ್ಲ. ಯಾಕ ಹಿಂಗ ಮಾಡ್ತೈತಿ, ಬಿಡಸೋದು ಹೆಂಗ?

ಉತ್ತರ: ಮೊದ್ಲ ಹೊಡಿಯೋದು ನಿಲ್ಲಿಸ್ರಿ. ನೀವು ಹೊಡಿಯೋದು ಯಾವಾಗ ಹೇಳ್ರಿ? ಅದು ಹೊಳ್ಳಾಡಿ ಮುಗಿಸಿ, ನೀವು ಕರದ ಮ್ಯಾಲೆ ಬಾಲ ಅಳ್ಳಾಡಿಸ್ಕೊಂತ ಓಡಿ ಬಂದಾಗ. ಅದರ ಲೆಕ್ಕದಾಗ ಏಟು ಬಿದ್ದಿದ್ದು ಮೀನಿನ ಸಲುವಾಗಿ ಅಲ್ಲ, ನಿಮ್ಮ ಹತ್ರ ಬಂದಿದ್ದಕ್ಕ. ನಾಳೆ ಕರದ್ರ ಬರೋದಿಲ್ಲ, ಬರದ ನಾಯಿಗೆ ಹೊಳ್ಳಾಡಾಕ ಇನ್ನಷ್ಟು ಟೈಮ್ ಸಿಗತೈತಿ, ಅಷ್ಟ.

ಇನ್ನ ಯಾಕ ಅನ್ನೋದು. ಇದಕ್ಕ ವಿಜ್ಞಾನಿಗಳು ಎಲ್ಲಾರೂ ಒಪ್ಪಿದ ಒಂದ ಉತ್ತರ ಅಂತ ಇಲ್ಲ. ಎಲ್ಲಾರ ಬಾಯಾಗ ಇರೋದು ಬ್ಯಾಟಿ ಕತಿ, ಅಂದ್ರ ನಾಯಿ ತೋಳದ ವಂಶದ್ದು, ತನ್ನ ಮೈ ವಾಸ್ನಿ ಮುಚ್ಚಿಕೊಂಡು ಜಿಂಕಿ ಮೊಲದ ಹತ್ರ ಗೊತ್ತಾಗ್ದಂಗ ಹೋಗಾಕ ಹಿಂಗ ಮಾಡ್ತಿತ್ತು, ಅದ ಚಾಳಿ ಉಳದೈತಿ ಅನ್ನೋದು. ಕೇಳಾಕ ಚಂದ ಐತಿ, ನನಗಂತೂ ಪೂರಾ ಒಪ್ಪಿಗಿ ಇಲ್ಲ. ತೋಳ ಹುಲಿಯಂಗ ಅಡಗಿ ಕುಂತು ಹಾರೋ ಪ್ರಾಣಿ ಅಲ್ಲ, ಗುಂಪಾಗಿ ಬೆನ್ನು ಹತ್ತಿ ಓಡಿಸಿ ದಣಿಸಿ ಹಿಡಿಯೋದು, ಅದಕ್ಕ ವಾಸ್ನಿ ಮುಚ್ಕೊಳ್ಳೋ ದರ್ದು ಅಷ್ಟೇನಿಲ್ಲ. ಅಮೆರಿಕದ ಇಂಡಿಯಾನಾದಾಗ ವುಲ್ಫ್ ಪಾರ್ಕ್ ಅಂತ ಒಂದೈತಿ, ಅಲ್ಲಿ ಪ್ಯಾಟ್ ಗುಡ್‌ಮನ್ ಅನ್ನೋರು ಸಾಕಿದ ತೋಳಗಳಿಗೆ ಬ್ಯಾರೆ ಬ್ಯಾರೆ ವಾಸ್ನಿ ಒಡ್ಡಿ ನೋಡ್ಯಾರ. ಅವು ಸೆಂಟಿನ ಮ್ಯಾಲೂ ಹೊಳ್ಳಾಡ್ಯಾವು, ಗಾಡಿ ಆಯಿಲ್ ಮ್ಯಾಲೂ ಹೊಳ್ಳಾಡ್ಯಾವು! ಗಾಡಿ ಆಯಿಲ್ ಹಚ್ಕೊಂಡು ಯಾವ ಜಿಂಕಿ ಹತ್ರ ಹೋಗಾಕ ಆಗತೈತ್ರಿ?

ಅಲ್ಲೇ ಕಂಡ ಇನ್ನೊಂದು ಸಂಗತಿ ನನಗ ಭಾಳ ಹಿಡಿಸ್ತು. ಹೊಸಾ ವಾಸ್ನಿ ಹಚ್ಕೊಂಡ ತೋಳ ಗುಂಪಿಗೆ ವಾಪಸ್ ಬಂತಂದ್ರ ಉಳಿದವು ಅದರ ಮಾರಿ ಕುತ್ತಿಗಿ ಎಲ್ಲಾ ಮೂಸಿ ಮೂಸಿ ನೋಡ್ತಾವು, ಕೆಲವೊಮ್ಮೆ ಆ ವಾಸ್ನಿ ಜಾಡು ಹಿಡಕೊಂಡು ಮೂಲ ಜಾಗಕ್ಕ ಹೋಗಿದ್ದೂ ಐತಿ. ಅಂದ್ರ ಇದು ಸುದ್ದಿ ತರೋ ಪದ್ಧತಿ ಇರಬಹುದು, 'ಅಲ್ಲೇನೋ ಸಿಕ್ಕೈತಿ, ನೋಡ್ಬರ್ರಿ' ಅಂತ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಒಳಗ ಸಾಕಿದ್ದ ಕತ್ತೆಕಿರುಬಗಳ ಮ್ಯಾಲೆ ಒಂದು ಅಧ್ಯಯನ ಆತು, 2002ರಾಗ ಪ್ರಕಟ ಆಗೈತಿ, ಕೊಳತ ಮಾಂಸದ ವಾಸ್ನಿ ಇದ್ದ ಕತ್ತೆಕಿರುಬಕ್ಕ ಉಳಿದವು ಜಾಸ್ತಿ ಮರ್ಯಾದಿ ಕೊಟ್ಟು ಮೂಸಿದ್ವು, ಕರ್ಪೂರದ ವಾಸ್ನಿದಕ್ಕ ಅಷ್ಟಿಲ್ಲ. ಇದರ ಜೋಡಿ ನರಿ ಕತಿನೂ ಒಂದೈತಿ. ಅದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟದಾಗ ಮ್ಯಾಕ್ಸ್ ಅಲೆನ್ ಅನ್ನೋರು ಕ್ಯಾಮೆರಾ ಕಟ್ಟಿ ನೋಡಿದ್ರು, ಅಲ್ಲಿನ ಬೂದು ನರಿಗಳು ಪ್ಯೂಮಾ ಅನ್ನೋ ದೊಡ್ಡ ಕಾಡುಬೆಕ್ಕು ಉಚ್ಚಿ ಹೊಯ್ದು ಗುರುತು ಮಾಡಿದ ಜಾಗದಾಗ ಗಲ್ಲ ತಿಕ್ಕತಿದ್ವಂತ, ಪ್ಯೂಮಾ ವಾಸ್ನಿ ಬಂದ್ರ ತಮ್ಮನ್ನ ಹಿಡಿಯೋ ಕಯೋಟಿ ಅನ್ನೋ ಸಣ್ಣ ತೋಳದಂಥಾ ಪ್ರಾಣಿಗಳು ಹೆದರಿ ದೂರ ಇರ್ತಾವು ಅನ್ನೋದು ಅವರ ಅಂದಾಜು, 2016ರ ಮಾತಿದು. ನಿಮ್ಮ ಟೈಗರ್‌ಗೆ ಯಾವ ಪ್ಯೂಮಾ, ಯಾವ ಕಯೋಟಿ! ಆದ್ರ ಗಂಗಾವತಿ ತಾಲ್ಲೂಕಿನ ಬಂಕಾಪುರದಾಗ ಇವತ್ತೂ ತೋಳ ಅದಾವು, ಅವಕ್ಕಂತ ಧಾಮಾನ ಮಾಡ್ಯಾರ, ನಿಮ್ಮ ನಾಯಿ ಅವುಗಳ ದೂರದ ನೆಂಟ. ನೆಂಟರ ಚಾಳಿ ಬಿಟ್ಟಿಲ್ಲ, ಸುದ್ದಿ ತಂದು ಮುಟ್ಟಸೋ ಗುಂಪು ಮಾತ್ರ ಬದಲಾಗಿ ಈಗ ನಿಮ್ಮವ್ವ ಆಗ್ಯಾಳ.

ಮತ್ತ ವಾಸ್ನಿ ಅನ್ನೋದು ನಮಗೂ ಅದಕ್ಕೂ ಒಂದ ಅಲ್ಲ. ಮನುಷ್ಯಾನ ಮೂಗಿನ್ಯಾಗ ವಾಸ್ನಿ ಹಿಡಿಯೋ ಕಣ ಸುಮಾರು 50 ಲಕ್ಷ ಅಂತಾರ, ನಾಯಿದು ಜಾತಿ ಮ್ಯಾಲೆ ಹೋಗತೈತಿ, 20 ಕೋಟಿ ದಾಟತೈತಿ. ನಮಗ ನಾತ ಅಂತ ಅನಸೋದು ಅದಕ್ಕ ಪೂರಾ ಪೇಪರ್ ಓದಿದಷ್ಟು ಮಜಾ ಕೊಡತೈತಿ.

ಹಂಗಾಗಿ ಈ ಆಸಿನ ಬೇರುಸಮೇತ ಕಿತ್ತು ಹಾಕ್ತೀನಿ ಅನ್ಬ್ಯಾಡ್ರಿ, ಆಗೋದಿಲ್ಲ. ಹಿಡಿಬೇಕಾಗಿದ್ದು ಹೊಳ್ಳಾಡೋಕಿಂತ ಮೊದಲಿನ ಒಂದೆರಡು ಸೆಕೆಂಡು. ಮುಂದ ಹೊಂಟ ನಾಯಿ ತಟಕ್ಕನ ನಿಲ್ಲತೈತಿ, ಒಂದ ಜಾಗಾನ ಗಟ್ಟಿಯಾಗಿ ಮೂಸತೈತಿ, ಮಾರಿ ಒಂದ್ ಬಾಜು ಹೊಳ್ಳಸತೈತಿ, ಮುಂಗಾಲು ಮಡಚಿ ಒಂದ್ ಭುಜ ಕೆಳಗ ಇಳಸತೈತಿ. ಭುಜ ನೆಲಕ್ಕ ಮುಟ್ಟಿದ ಮ್ಯಾಲೆ ನೀವು ಎಷ್ಟ್ ಒದರಿದ್ರೂ ಕೇಳಂಗಿಲ್ಲ, ಮೂಸಾಕ ಹತ್ತಿದಾಗ್ಲೇ ಕರದ್ರ ಕೇಳತೈತಿ. ಅದಕ್ಕ ಕಾಲುವಿ ಕಡೆ ಹೋಗೋ ಮುಂದ ಸದ್ಯಕ್ಕ ಬಿಟ್ಟು ಒಯ್ಬ್ಯಾಡ್ರಿ, ಎದಿಪಟ್ಟಿ ಹಾಕಿ ಉದ್ದನ ಹಗ್ಗ ಕಟ್ಟಿ ಒಯ್ರಿ, ಕೊಳ್ಳಪಟ್ಟಿಗೆ ಉದ್ದ ಹಗ್ಗ ಕಟ್ಟಿದ್ರ ಓಡಿ ಜಗ್ಗಿದಾಗ ಕುತ್ತಿಗಿಗೆ ಪೆಟ್ಟಾಗತೈತಿ.

'ಬಿಡು' ಅನ್ನೋದು ಮನ್ಯಾಗ ಕಲಸ್ರಿ, ಕಾಲುವಿ ದಂಡಿಗೆ ಹೋಗಿ ಶುರು ಮಾಡಿದ್ರ ಕಲಿಯಂಗಿಲ್ಲ. ಮುಷ್ಟಿಯೊಳಗ ಒಂದ್ ತುಂಡು ಬಿಸ್ಕತ್ ಇಟ್ಟು ಮೂಗಿನ ಮುಂದ ಹಿಡೀರಿ, ನೆಕ್ಕತೈತಿ, ಕೆರೀತೈತಿ, ಮುಷ್ಟಿ ತೆಗೀಬ್ಯಾಡ್ರಿ, ಬೇಜಾರಾಗಿ ಮೂಗು ಹಿಂದ ತೆಗದ ಕೂಡ್ಲೇ ಶಭಾಷ್ ಅಂದು ಇನ್ನೊಂದು ಕೈಯಿಂದ ಅದಕ್ಕಿಂತ ಚಲೋ ತಿನಿಸು ಕೊಡ್ರಿ. ಇದು ಕೈ ಹತ್ತಿದ ಮ್ಯಾಲೆ 'ಬಿಡು' ಅನ್ನೋ ಮಾತು ಸೇರಸ್ರಿ, ಆಮ್ಯಾಲೆ ನೆಲದ ಮ್ಯಾಲೆ ಇಟ್ಟು, ಆಮ್ಯಾಲೆ ಅಂಗಳದಾಗ, ಕಡೀಕ ರೋಡಿನ್ಯಾಗ. ಕೊಡೋ ತಿನಿಸು ಮಾತ್ರ ಗಟ್ಟಿ ಇರ್ಬೇಕು, ಕೊಳತ ಮೀನಿನ ಎದುರು ಒಣಾ ಬಿಸ್ಕತ್ ಗೆಲ್ಲೋದಿಲ್ಲ ನೋಡ್ರಿ. ಕುದಿಸಿದ ಕೋಳಿ ಲಿವರ್ ತುಂಡು, ತತ್ತಿ, ಮನ್ಯಾಗ ಮಾಂಸ ಮಾಡಂಗಿಲ್ಲ ಅಂದ್ರ ಪನೀರ್ ಆದ್ರೂ ನಡಿತೈತಿ, ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿದ್ದು ಬ್ಯಾಡ, ನಾಯಿಗೆ ವಿಷ ಅದು. ಕಾಲುವಿ ನೀರು ಬಂದ್ ಆದಾಗ ಗುಂಡ್ಯಾಗ ಉಳದ ಮೀನ ಸಾಯ್ತಾವಲ್ಲ, ಆವಾಗ ಸುಮ್ನ ದಾರಿ ಬದಲಿ ಮಾಡ್ರಿ, ಅಷ್ಟು ದೊಡ್ಡ ಪರೀಕ್ಷಾ ಕೊಡೋದು ಬ್ಯಾಡ ಅದಕ್ಕ.

ಪ್ರಶ್ನೆ: ಸಿರುಗುಪ್ಪದಿಂದ ಬರೀತಾ ಇದೀನಿ. ನಮ್ಮ ನಾಯಿ ಸತ್ತ ಹೆಗ್ಗಣದ ಮೇಲೆ ಹೊರಳಾಡಿ ಬಂದೈತೆ, ನಮ್ಮ ಸೋಪು ಶಾಂಪೂ ಎಲ್ಲಾ ಹಾಕಿ ತೊಳೆದ್ರೂ ವಾಸನೆ ಹೋಗ್ತಿಲ್ಲ. ಪಕ್ಕದ ಮನೆಯೋರು ಫಿನಾಯಿಲ್ ಹಾಕು ಅಂತಾರೆ, ಹಾಕ್ಬೋದಾ?

ಉತ್ತರ: ಬ್ಯಾಡ್ರಿ, ಫಿನಾಯಿಲೂ ಬ್ಯಾಡ, ಸೀಮೆಎಣ್ಣಿನೂ ಬ್ಯಾಡ, ಮೈ ಸುಡತಾವು, ನಾಯಿ ಮೈ ನೆಕ್ಕಿದ್ರ ಹೊಟ್ಟಿಗೂ ಹೋಗತಾವು. ನಮ್ಮ ಶಾಂಪೂನೂ ಅದರ ಚರ್ಮಕ್ಕ ಹೊಂದಂಗಿಲ್ಲ, ನಾಯಿದ ಬ್ಯಾರೆ ತರಬೇಕು. ಮೊದ್ಲ ಅಂಟಿದ್ದನ್ನ ಹಳೇ ಪೇಪರ್‌ನಿಂದ ಒರಸಿ ತೆಗೀರಿ, ನೀರು ಹಾಕೋದು ಆಮ್ಯಾಲೆ, ಇಲ್ಲಾಂದ್ರ ಒಂದ್ ಕಡೆ ಇದ್ದಿದ್ದು ಮೈತುಂಬ ಹರಡತೈತಿ. ಕೈಗೆ ಗ್ಲೌಸ್ ಇರ್ಲಿ, ಹೆಗ್ಗಣ ಅಂದ್ರ ಇಲಿಜ್ವರದ ಭಯ ಐತಿ.

ಅಷ್ಟಕ್ಕೂ ಹೋಗ್ಲಿಲ್ಲ ಅಂದ್ರ ಅಮೆರಿಕದಾಗ ಸ್ಕಂಕ್ ಅನ್ನೋ ಪ್ರಾಣಿ ನಾತಕ್ಕ ಬಳಸೋ ಮಿಕ್ಸ್ ಒಂದೈತಿ. 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ 1 ಲೀಟರ್, ಅಡುಗಿ ಸೋಡಾ ಕಾಲು ಕಪ್, ಪಾತ್ರಿ ತೊಳಿಯೋ ಲಿಕ್ವಿಡ್ ಒಂದೆರಡು ಚಮಚ. ನಮ್ಮ ಮೆಡಿಕಲ್ ಶಾಪಿನ್ಯಾಗ '20 ವಾಲ್ಯೂಮ್' ಅಂತ ಸಿಗೋದು 6 ಪರ್ಸೆಂಟಿಂದು, ಅದಕ್ಕ ಅಷ್ಟ ನೀರು ಕೂಡಸ್ರಿ. ಕೂಡಿಸಿದ ಕೂಡ್ಲೇ ಹಚ್ಚಿ 5 ನಿಮಿಷ ಬಿಟ್ಟು ತೊಳೀರಿ. ಕಣ್ಣಿಗೆ ಹೋಗಬಾರ್ದು, ಗಾಯ ಇದ್ದಲ್ಲಿ ಬ್ಯಾಡ, ಕರೀ ನಾಯಿ ಆದ್ರ ಕೂದ್ಲಾ ಸ್ವಲ್ಪ ಕೆಂಪಾಗ್ಬಹುದು. ಉಳದಿದ್ದನ್ನ ಬಾಟ್ಲಿಗೆ ತುಂಬಿ ಮುಚ್ಚಳ ಹಾಕಿ ಇಟ್ಟೀರಿ ಮತ್ತ, ಗ್ಯಾಸ್ ತುಂಬಿ ಒಡೀತೈತಿ, ಚೆಲ್ಲಿಬಿಡ್ರಿ.

ಪ್ರಶ್ನೆ: ನಾನು ರಾಯಚೂರಿನಾಕಿ. ನಮ್ಮ ನಾಯಿಗೆ ಸ್ನಾನ ಮಾಡ್ಸಿದ್ ಕೂಡ್ಲೇ ಹೋಗಿ ಮಣ್ಣಾಗ ಹೊರಳಾಡ್ತದ. ಈಚೀಚೆಗಂತೂ ಸ್ನಾನ ಇಲ್ದಿದ್ರೂ ಮಂಚಕ್ಕ, ಗ್ವಾಡಿಗೆ, ಎಲ್ಲಂದ್ರ ಅಲ್ಲೆ ಮೈ ತಿಕ್ತದ.

ಉತ್ತರ: ಇವು ಎರಡು ಬ್ಯಾರೆ ಬ್ಯಾರೆ ಅಕ್ಕಾರ. ಸ್ನಾನ ಆದ ಮ್ಯಾಲಿಂದು ಸಿಟ್ಟಲ್ಲ, ಮೈ ಒಣಗಿಸ್ಕೊಳ್ಳೋದು, ಮತ್ತ ಶಾಂಪೂ ಸುವಾಸ್ನಿ ಅದಕ್ಕ ಬ್ಯಾಡಾಗಿರತೈತಿ, ತನ್ನ ವಾಸ್ನಿ ವಾಪಸ್ ಬೇಕು. ವಾಸ್ನಿ ಕಡಿಮಿ ಇರೋ ಶಾಂಪೂ ತರ್ರಿ, ಪೂರಾ ಒರಸಿ ಒಣಗೋತನಾ ಒಳಗ ಕಟ್ರಿ. ಎಲ್ಲಂದ್ರ ಅಲ್ಲಿ ತಿಕ್ಕೋದು ಮಾತ್ರ ಹೊಳ್ಳಾಡೋ ಚಾಳಿ ಅಲ್ಲ, ತುರಿಕಿ. ಕಿವಿ ಒಳಗ, ಬೆರಳಿನ ಸಂದ್ಯಾಗ, ಬಾಲದ ಬುಡಕ್ಕ ಕೂದ್ಲಾ ಸರಿಸಿ ನೋಡ್ರಿ, ಉಣ್ಣಿ, ಚಿಗಟ, ಹುಣ್ಣು ಏನಾರ ಕಾಣತೈತೇನು ಅಂತ. ಕುಂಡಿ ಎಳಕೊಂತ ಹೋಗತಿದ್ರ ಅಲ್ಲಿನ ಗ್ರಂಥಿ ತುಂಬಿರಬಹುದು. ಉಣ್ಣಿ ಇದ್ದು ಜ್ವರ, ಊಟ ಬಿಡೋದು, ವಸಡು ಬಿಳುಪಾಗೋದು ಕಂಡ್ರ ತಡಾ ಮಾಡ್ಬ್ಯಾಡ್ರಿ, ಉಣ್ಣಿ ಜ್ವರ ನಾಯಿ ರಕ್ತಾನ ತಿಂತೈತಿ, ಪಶು ಆಸ್ಪತ್ರಿಗೆ ಒಯ್ದು ರಕ್ತ ಪರೀಕ್ಷಾ ಮಾಡಸ್ರಿ.

ಪ್ರಶ್ನೆ: ಮಾನ್ವಿ ಕಡೆ ಹತ್ತಿ, ಮೆಣಸಿನಕಾಯಿ ಹೊಲದಾಗ ಔಷಧ ಹೊಡೀತಾರ. ಹೊಲದಾಗ ಸತ್ತ ಹಕ್ಕಿ ಮ್ಯಾಲೆ ನಾಯಿ ಹೊರಳಾಡಿದ್ರ ತ್ರಾಸ್ ಅದೇನು?

ಉತ್ತರ: ಐತಿ. ಎಣ್ಣಿ ಹೊಡದ ಹೊಲದಾಗ ಸತ್ತ ಹಕ್ಕಿ ಬಿದ್ದಿದ್ರ ಅದು ಎಣ್ಣಿಯಿಂದ್ಲೇ ಸತ್ತಿರಬಹುದು, ಚರ್ಮದಿಂದನೂ ಆ ವಿಷ ಒಳಗ ಹೋಗತೈತಿ, ನೆಕ್ಕಿದ್ರಂತೂ ಕೇಳೋದ ಬ್ಯಾಡ. ಗ್ಲೌಸ್ ಹಾಕ್ಕೊಂಡು ಸೋಪಿನ ನೀರಿನಿಂದ ತಕ್ಷಣ ತೊಳೀರಿ, ಇಲ್ಲಿ ನಾಯಿ ಶಾಂಪೂನ ಬೇಕು ಅಂತ ಹುಡುಕ್ಕೊಂತ ಕುಂಡ್ರಬ್ಯಾಡ್ರಿ, ಕೈಗೆ ಸಿಕ್ಕ ಸೋಪು ನಡಿತೈತಿ. ಜೊಲ್ಲು ಸುರಿಯೋದು, ಮೈ ನಡಗೋದು, ವಾಂತಿ, ಉಸಿರು ಕಟ್ಟೋದು ಶುರುವಾದ್ರ ಮನಿಮದ್ದು ಏನೂ ಬ್ಯಾಡ, ಸೀದಾ ಡಾಕ್ಟರ್ ಹತ್ರ. ಹೊಡದ ಔಷಧದ ಡಬ್ಬಿ ಇಲ್ಲಾಂದ್ರ ಅದರ ಫೋಟೋ ಆದ್ರೂ ಜೋಡಿ ಒಯ್ರಿ, ಯಾವ ಇಂಜೆಕ್ಷನ್ ಕೊಡಬೇಕು ಅಂತ ಅವರು ಅದನ್ನ ನೋಡೇ ತೀರ್ಮಾನ ಮಾಡೋದು.