ಏರ್‌ಬಸ್ ಬಿಟ್ಟು ಡಕೋಟಾ: ಸಿಮ್ಯುಲೇಟರಿನಲ್ಲಿ ಹಳೆಯ ಪ್ರೊಪೆಲ್ಲರ್ ವಿಮಾನ ಕಲಿಯುವುದು ಕಷ್ಟವಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಮನೆಯ ಕಂಪ್ಯೂಟರಿನಲ್ಲಿ ಏರ್‌ಬಸ್ ಹಾರಿಸಿ ಹಾರಿಸಿ ಬೇಜಾರಾಗಿದೆ. ಈಗ ಡಿಸಿ-3 (ಡಕೋಟಾ ಅನ್ನುವುದು ಇದನ್ನೇ), ಡಿಸಿ-6ರಂಥ ಹಳೆಯ ಪ್ರಯಾಣಿಕರ ವಿಮಾನ ಕಲಿಯಬೇಕು. ತುಂಬಾ ಕಷ್ಟವಾ, ಯಾವುದರಿಂದ ಶುರು ಮಾಡಬೇಕು, ಮೂಗನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್ ಬೇಕೇ ಬೇಕಾ?

ಕಷ್ಟ ಉಂಟು. ಆದರೆ ಅದು ಇರುವುದು ಹಾರಿಸುವುದರಲ್ಲಿ ಅಲ್ಲ. ಒಮ್ಮೆ ಮೇಲೇರಿದ ಡಿಸಿ-3 ತುಂಬಾ ಸಾಧು ವಿಮಾನ. ಕಷ್ಟ ಇರುವುದು ಎಂಜಿನ್ ನೋಡಿಕೊಳ್ಳುವುದರಲ್ಲಿ. ಏರ್‌ಬಸ್ಸಿನಲ್ಲಿ ಲಿವರನ್ನು ಒಂದು ಗುರುತಿಗೆ ತಂದು ಬಿಟ್ಟರೆ ಮುಂದಿನದ್ದು ಕಂಪ್ಯೂಟರಿನ ತಲೆನೋವು. ಇಲ್ಲಿ ಅದೆಲ್ಲ ನಿಮ್ಮ ತಲೆನೋವು. ಅದೂ ಈಗಿನದ್ದಲ್ಲ, ಇನ್ನು ಹತ್ತು ನಿಮಿಷಕ್ಕೆ ಎಂತ ಬೇಕೋ ಅದನ್ನು ಈಗಲೇ ಯೋಚಿಸಬೇಕು.

ನಾನು ಪೆರ್ಲದ ಕಡೆಯವನು. ನಮಗೆ ವಿಮಾನ ನಿಲ್ದಾಣ ಅಂದರೆ ಮಂಗಳೂರಿನ ಬಜ್ಪೆ. ಹಾಗಾಗಿ ಉದಾಹರಣೆಗಳೂ ನಮ್ಮ ಊರ ಮೇಲಿನವೇ. ನೀವೂ ಕಾಸರಗೋಡಿನವರು ಅಂತ ಬರೆದಿದ್ದೀರಿ, ಜಾಗಗಳು ಗೊತ್ತಿರುತ್ತವೆ.

ಮೊದಲು ಡಿಸಿ-3 ತೆಗೆದುಕೊಳ್ಳಿ. 1935ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ ವಿಮಾನ ಇದು. ಎರಡು ಎಂಜಿನ್, ಒಂದೊಂದರಲ್ಲಿ 14 ಸಿಲಿಂಡರ್, ಒಂದೊಂದಕ್ಕೆ 1,200 ಅಶ್ವಶಕ್ತಿ. ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ಹಿಡಿದಿಡುವ ವ್ಯವಸ್ಥೆ ಇಲ್ಲ, ಹಾಗಾಗಿ ಒಂದು ತಲೆಬಿಸಿ ಕಡಿಮೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2022ರ 40ನೇ ವರ್ಷದ ಆವೃತ್ತಿಯಲ್ಲಿ ಇದು ಬೇರೆ ದುಡ್ಡಿಲ್ಲದೆ ಸಿಗುತ್ತದೆ. ನಿಮ್ಮ ಕಂಪ್ಯೂಟರ್ ಹಳೆಯದಾದರೆ ಫ್ಲೈಟ್‌ಗಿಯರ್ ಹಾಕಿಕೊಳ್ಳಿ. ಅದು ಪೂರ್ತಿ ಉಚಿತ, ಅದರಲ್ಲೂ ಡಿಸಿ-3 ಉಂಟು.

ಡಿಸಿ-6 ಆಮೇಲೆ. ನಾಲ್ಕು ಎಂಜಿನ್, ಒಂದೊಂದರಲ್ಲಿ 18 ಸಿಲಿಂಡರ್. ಟೇಕಾಫ್‌ನಲ್ಲಿ ಪೂರ್ತಿ ಶಕ್ತಿ ಬೇಕಾದರೆ ಎಂಜಿನ್ನಿಗೆ ನೀರು ಮತ್ತು ಆಲ್ಕೋಹಾಲ್ ಮಿಶ್ರಣ ಚಿಮ್ಮಿಸಬೇಕು. ಎಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಸೂಪರ್‌ಚಾರ್ಜರಿಗೆ ಎರಡು ಗೇರ್. ಸಿಮ್ಯುಲೇಟರಿಗೆ ವಿಮಾನ ಮಾಡಿ ಕೊಡುವ ಪಿಎಂಡಿಜಿ ಕಂಪನಿಯವರ ಡಿಸಿ-6ರಲ್ಲಿ ಈ ಕೆಲಸಗಳನ್ನೆಲ್ಲ ಮಾಡಲು ಒಬ್ಬ ಕೃತಕ ಫ್ಲೈಟ್ ಎಂಜಿನಿಯರ್ ಕೂಡ ಇದ್ದಾನೆ. ನನ್ನನ್ನು ಕೇಳಿದರೆ, ನಿಲ್ದಾಣದಲ್ಲಿ ಸ್ವಿಚ್ ಹಾಕುವ ಕೆಲಸ ಅವನು ಮಾಡಲಿ, ಹಾರುವಾಗ ಲಿವರ್‌ಗಳು ನಿಮ್ಮ ಕೈಯಲ್ಲೇ ಇರಲಿ. ಇಲ್ಲದಿದ್ದರೆ ಏರ್‌ಬಸ್ ಬಿಟ್ಟು ಬಂದದ್ದಾದರೂ ಯಾಕೆ?

ಈಗ ಎಂಜಿನ್ ಸ್ಟಾರ್ಟ್ ಮಾಡುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅರ್ಧ ಮಜಾ ಇದರಲ್ಲೇ ಇರುವುದು. ಈ ಎಂಜಿನ್ನುಗಳ ಸಿಲಿಂಡರುಗಳು ವೃತ್ತಾಕಾರದಲ್ಲಿ ಸುತ್ತಲೂ ಇರುತ್ತವೆ. ವಿಮಾನ ಸುಮ್ನೆ ನಿಂತಿದ್ದರೆ ಎಣ್ಣೆ ಸೋರಿ ಕೆಳಗಿನ ಸಿಲಿಂಡರಿನಲ್ಲಿ ತುಂಬುತ್ತದೆ. ಎಣ್ಣೆಯನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಆ ಹೊತ್ತಿಗೆ ಎಂಜಿನ್ ಹೊತ್ತಿಕೊಂಡರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೇ ಕಿಡಿ ಕೊಡುವ ಮ್ಯಾಗ್ನೆಟೋ ಆಫ್ ಇಟ್ಟು, ಸ್ಟಾರ್ಟರಿನಲ್ಲಿ ಸುಮ್ನೆ ತಿರುಗಿಸಿ, ಕಿಟಕಿಯಿಂದ ಬ್ಲೇಡ್ ಎಣಿಸಬೇಕು. ಕೆಲವು ಬ್ಲೇಡ್ ಸಲೀಸಾಗಿ ದಾಟಿದ ಮೇಲೆ ಮ್ಯಾಗ್ನೆಟೋ ಹಾಕಿ, ಪೆಟ್ರೋಲ್ ಚಿಮ್ಮಿಸುವ ಪ್ರೈಮರ್ ಒತ್ತಿ. ಮೊದಲು ಒಂದು ಸಿಲಿಂಡರ್ ಕೆಮ್ಮುತ್ತದೆ. ಆಮೇಲೆ ಎರಡು, ಮೂರು. ಬಿಳಿ ಹೊಗೆ ಬುಸ್ಸೆಂದು ರೆಕ್ಕೆಯ ಮೇಲೆ ಹರಡುತ್ತದೆ. ತೋಟದ ಹಳೆಯ ಡೀಸೆಲ್ ಪಂಪು ಮಳೆಗಾಲ ಕಳೆದು ಮೊದಲ ಸಲ ಹೊರಟ ಹಾಗೆ ಅನಿಸುತ್ತದೆ. ಹಿಡಿದುಕೊಂಡಿತು ಅಂತ ಗೊತ್ತಾದ ಕೂಡಲೇ ಪೆಟ್ರೋಲ್-ಗಾಳಿ ಬೆರಕೆಯ ಮಿಕ್ಸ್ಚರ್ ಲಿವರನ್ನು ಆಟೋ ರಿಚ್‌ಗೆ, ಅಂದರೆ ಪೆಟ್ರೋಲ್ ಜಾಸ್ತಿ ಇರುವ ಗುರುತಿಗೆ, ತನ್ನಿ. ಕಣ್ಣು ಎಣ್ಣೆ ಒತ್ತಡದ ಮುಳ್ಳಿನ ಮೇಲೆ ಇರಲಿ. ಅರ್ಧ ನಿಮಿಷದೊಳಗೆ ಮುಳ್ಳು ಏಳದಿದ್ದರೆ ಎಂಜಿನ್ ಆಫ್ ಮಾಡಿ. ಎದ್ದರೂ ಕೂಡಲೇ ಹೊರಡಬೇಡಿ. ಎಣ್ಣೆ 40 ಡಿಗ್ರಿಯಷ್ಟಾದರೂ ಬಿಸಿಯಾಗಲಿ. ನಮ್ಮ ಊರ ಸೆಕೆಗೆ ಅದಕ್ಕೆ ಜಾಸ್ತಿ ಹೊತ್ತು ಬೇಡ.

ಡಿಸಿ-3ರಲ್ಲಿ ಟೇಕಾಫ್‌ಗೆ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ನಿನ ಒಳಕ್ಕೆ ಹೋಗುವ ಗಾಳಿಯ ಒತ್ತಡ, ಪಾದರಸದ ಇಂಚಿನ ಲೆಕ್ಕದಲ್ಲಿ) 48 ಇಂಚು, 2,700 ಆರ್‌ಪಿಎಂ. ಏರುವಾಗ ಸುಮಾರು 35 ಇಂಚು, 2,350. ಮೇಲೆ ಸಮತಟ್ಟಾದ ಮೇಲೆ ಸುಮಾರು 28 ಇಂಚು, 2,050. ಶಕ್ತಿ ಹೆಚ್ಚಿಸುವಾಗ ಮೊದಲು ಆರ್‌ಪಿಎಂ, ಆಮೇಲೆ ಥ್ರಾಟಲ್. ಕಡಿಮೆ ಮಾಡುವಾಗ ಮೊದಲು ಥ್ರಾಟಲ್, ಆಮೇಲೆ ಆರ್‌ಪಿಎಂ. ಇದು ಉಲ್ಟಾ ಆದರೆ ನಿಧಾನ ತಿರುಗುವ ಎಂಜಿನ್ನಿನ ಮೇಲೆ ಒತ್ತಡ ವಿಪರೀತ ಬೀಳುತ್ತದೆ. ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಳ್ಳಿ, ಕೆಲವೇ ದಿನದಲ್ಲಿ ಕೈಗೇ ಅಭ್ಯಾಸವಾಗುತ್ತದೆ.

ಜೆಟ್ ಹಾರಿಸಿದವರು ಎಡವುವುದು ಇಳಿಯುವಾಗ. ಏರ್‌ಬಸ್ಸಿನಲ್ಲಿ ಎಂಜಿನ್ನನ್ನು ಐಡಲ್‌ಗೆ ಇಳಿಸಿ ಜಾರಿಕೊಂಡು ಬರುವುದೇ ಕ್ರಮ. ಡಿಸಿ-3ರಲ್ಲಿ ಹಾಗೆ ಮಾಡಿದರೆ ಎರಡು ತೊಂದರೆ. ಬಿಸಿಯಾದ ಸಿಲಿಂಡರಿಗೆ ಒಮ್ಮೆಲೇ ತಣ್ಣನೆಯ ಗಾಳಿ ಹೊಡೆಯುತ್ತದೆ. ಇನ್ನೊಂದು, ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುವ ಬದಲು ಗಾಳಿಗೆ ತಿರುಗುವ ಪ್ರೊಪೆಲ್ಲರೇ ಎಂಜಿನ್ನನ್ನು ಎಳೆಯಲು ಶುರು ಮಾಡುತ್ತದೆ, ಒಳಗಿನ ಬೇರಿಂಗುಗಳಿಗೆ ಅದು ಆಗಿಬರುವುದಿಲ್ಲ. ಹಳೆಯ ಪೈಲಟ್‌ಗಳ ಲೆಕ್ಕ ಸರಳ: ನಿಮಿಷಕ್ಕೆ ಒಂದು ಇಂಚಿಗಿಂತ ಜಾಸ್ತಿ ಇಳಿಸಬೇಡ, ಮತ್ತು ಪ್ರತಿ 100 ಆರ್‌ಪಿಎಂಗೆ ಒಂದು ಇಂಚಾದರೂ ಉಳಿಸಿಕೋ. ಅಂದರೆ 2,000 ಆರ್‌ಪಿಎಂ ಇದ್ದಾಗ 20 ಇಂಚಿನ ಕೆಳಗೆ ಹೋಗುವ ಹಾಗಿಲ್ಲ. ಪ್ರಯಾಣಿಕರ ಕಿವಿಯದ್ದೂ ಲೆಕ್ಕ ಉಂಟು. ಒತ್ತಡ ಹಿಡಿದಿಡದ ಕ್ಯಾಬಿನ್ನಿನಲ್ಲಿ ನಿಮಿಷಕ್ಕೆ 400 ಅಡಿಗಿಂತ ಜೋರಾಗಿ ಇಳಿದರೆ ಕಿವಿ ನೋಯುತ್ತದೆ.

ಇದನ್ನು ನಮ್ಮ ಕರಾವಳಿಯ ಮೇಲೆ ಹಾಕಿ ನೋಡಿ. ಕೊಚ್ಚಿಯಿಂದ ಬಜ್ಪೆಗೆ 5,500 ಅಡಿಯಲ್ಲಿ, 150 ನಾಟ್ ವೇಗದಲ್ಲಿ ಬರುತ್ತಿದ್ದೀರಿ. ಎಡಕ್ಕೆ ಸಮುದ್ರ, ಬಲಕ್ಕೆ ಘಟ್ಟ, ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಏಳಿಮಲೆ ದಾಟಿ, ನೀಲೇಶ್ವರ ದಾಟಿ ಬೇಕಲ ಕೋಟೆ ಕೆಳಗೆ ಬಂತು. ಏರ್‌ಬಸ್ ಪೈಲಟ್‌ಗೆ ಇಷ್ಟು ಕಡಿಮೆ ಎತ್ತರದಿಂದ ಇಳಿಯಲು ಇನ್ನೂ ಬೇಕಾದಷ್ಟು ಹೊತ್ತು ಉಂಟು ಅನಿಸುತ್ತದೆ. ಆದರೆ ನೀವು ಇಳಿಯಲು ಶುರು ಮಾಡಬೇಕಾದ ಜಾಗ ಅದೇ. 1,500 ಅಡಿಗೆ ಬರಲು 4,000 ಅಡಿ ಇಳಿಯಬೇಕು, ನಿಮಿಷಕ್ಕೆ 400ರಂತೆ ಹತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ವಿಮಾನ 25 ನಾಟಿಕಲ್ ಮೈಲು ಹೋಗುತ್ತದೆ. ಥ್ರಾಟಲ್ 28ರಿಂದ 20 ಇಂಚಿಗೆ ಬರಲು ಎಂಟು ನಿಮಿಷ. ಚಂದ್ರಗಿರಿ ಹೊಳೆಯ ಮೇಲೆ ಒಂದಿಷ್ಟು, ಕುಂಬಳೆಯ ಮೇಲೆ ಒಂದಿಷ್ಟು, ಉಪ್ಪಳ, ಮಂಜೇಶ್ವರ ಅಂತ ಇಳಿಸುತ್ತಾ ಬಂದರೆ ಉಳ್ಳಾಲದ ಹತ್ತಿರ, ನೇತ್ರಾವತಿಯ ಅಳಿವೆ ಕಾಣುವಾಗ, ನೀವು ಸರಿಯಾದ ಎತ್ತರದಲ್ಲಿರುತ್ತೀರಿ. ಕುಂಬಳೆಯವರೆಗೆ ಸುಮ್ನೆ ಕೂತಿರೋ, ಆಮೇಲೆ ಬಜ್ಪೆಯ ಮೇಲೆ ಒಂದು ಸುತ್ತು ಹೊಡೆಯುವುದೇ ಗತಿ.

ಬಜ್ಪೆಗೂ ಈ ವಿಮಾನಕ್ಕೂ ಹಳೆಯ ನಂಟು. 1951ರ ಡಿಸೆಂಬರ್ 25ರಂದು ನಿಲ್ದಾಣ ಉದ್ಘಾಟನೆಯಾದಾಗ ನೆಹರೂ ಬಂದಿಳಿದದ್ದು ಡಿಸಿ-3ರಲ್ಲೇ. ಹಳೆಯ ರನ್‌ವೇ 1,615 ಮೀಟರ್, ಡಿಸಿ-3ಕ್ಕೆ ಧಾರಾಳ. 2,450 ಮೀಟರಿನ ಹೊಸದು ಬಂದದ್ದು 2006ರಲ್ಲಿ. ಗುಡ್ಡದ ತಲೆ ಕಡಿದು ಮಾಡಿದ ಜಾಗ, ತುದಿಯಲ್ಲಿ ಕಣಿವೆ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಗಾಳಿ ಸ್ವಲ್ಪ ಎತ್ತಿ ಹಾಕುತ್ತದೆ, ಒಂದು ಕೈ ಥ್ರಾಟಲಿನ ಮೇಲೆ ಇರಲಿ.

ನೆಲಕ್ಕೆ ಮುಟ್ಟಿದ ಮೇಲೆ ಇನ್ನೊಂದು ಕಥೆ. ಡಿಸಿ-3ರ ಮೂರನೇ ಚಕ್ರ ಬಾಲದಲ್ಲಿದೆ. ನಿಂತಾಗ ಮೂಗು ಆಕಾಶ ನೋಡುತ್ತದೆ, ಎದುರಿನ ದಾರಿ ಕಾಣುವುದಿಲ್ಲ. ಟ್ಯಾಕ್ಸಿ ಮಾಡುವಾಗ ಹಾವಿನ ಹಾಗೆ ಆಚೆ ಈಚೆ ತಿರುಗಿಸುತ್ತಾ ಪಕ್ಕದ ಕಿಟಕಿಯಿಂದ ನೋಡಬೇಕು. ತೂಕದ ಕೇಂದ್ರ ಮುಂದಿನ ಚಕ್ರಗಳ ಹಿಂದೆ ಇರುವುದರಿಂದ, ಓಡುವಾಗ ಸ್ವಲ್ಪ ವಾಲಿದರೂ ಬಾಲ ಮುಂದೆ ಬರಲು ನೋಡುತ್ತದೆ. ಎರಡೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಟೇಕಾಫ್‌ನಲ್ಲಿ ಎಡಕ್ಕೆ ಎಳೆತ. ನಿಮ್ಮ ಪೆಡಲ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ದುಡ್ಡು ಒಂದೇ ಸಾಮಾನಿಗೆ ಇದ್ದರೆ ಪೆಡಲಿಗೆ ಹಾಕಿ. ಸದ್ಯಕ್ಕೆ ಆಗದಿದ್ದರೆ ತಿರುಚುವ ಜಾಯ್‌ಸ್ಟಿಕ್ ಸಾಕು. ಕೀಬೋರ್ಡಿನಲ್ಲಿ ಮಾತ್ರ ಬೇಡ ಮಾರಾಯ್ರೇ, ಹುಲ್ಲಿನ ಮೇಲೆ ಗಿರಕಿ ಹೊಡೆಯುವುದೇ ಆಗುತ್ತದೆ. ಇಳಿಯುವಾಗ ಮೊದಲು ಮುಂದಿನ ಎರಡು ಚಕ್ರ ಮಾತ್ರ ಮುಟ್ಟಿಸಿ. ಬಾಲ ತಾನಾಗಿ ಇಳಿಯಲಿ, ಒತ್ತಾಯ ಮಾಡಬೇಡಿ.

ಸಿಮ್ಯುಲೇಟರಿನಲ್ಲಿ ನಿಜವಾದ ಹವಾಮಾನ ಹಾಕಿಕೊಂಡು ಮಳೆಗಾಲದಲ್ಲಿ ಹಾರುವುದಾದರೆ ಕಾರ್ಬ್ಯುರೇಟರ್ ಬಿಸಿ ಮಾಡುವ ಲಿವರ್ ಎಲ್ಲಿದೆ ಅಂತ ಮೊದಲೇ ನೋಡಿಡಿ. ಹೊರಗೆ 20 ಡಿಗ್ರಿ ಇದ್ದರೂ ನಮ್ಮ ಕಡೆಯ ತೇವದ ಗಾಳಿಗೆ ಕಾರ್ಬ್ಯುರೇಟರಿನ ಒಳಗೆ ಮಂಜುಗಡ್ಡೆ ಕಟ್ಟಬಹುದು. ಮ್ಯಾನಿಫೋಲ್ಡ್ ಮುಳ್ಳು ಕಾರಣವಿಲ್ಲದೆ ಇಳಿಯುತ್ತಿದ್ದರೆ ಅದೇ ಇರಬೇಕು.

ಕೈ ಪಳಗಿದ ಮೇಲೆ ಒಂದು ದಾರಿ ಹಾರಿ ನೋಡಿ. 1949ರಲ್ಲಿ ನಮ್ಮ ದೇಶದಲ್ಲಿ ರಾತ್ರಿ ಅಂಚೆ ವಿಮಾನ ಶುರುವಾಯಿತು. ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸಿನಿಂದ ಅಂಚೆ ಚೀಲ ಹೊತ್ತ ವಿಮಾನಗಳು ರಾತ್ರಿ ಹೊರಟು ನಾಗಪುರದಲ್ಲಿ ಸೇರುತ್ತಿದ್ದವು. ಅಲ್ಲಿ ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ಅವರವರ ಊರಿಗೆ ವಾಪಸ್. ಅದರಲ್ಲಿ ಹಾರುತ್ತಿದ್ದದ್ದೂ ಡಕೋಟಾಗಳೇ. ಬಾಂಬೆಯಿಂದ ನಾಗಪುರಕ್ಕೆ ಸುಮಾರು 370 ನಾಟಿಕಲ್ ಮೈಲು, ಎರಡೂವರೆ ಗಂಟೆಯ ಹಾರಾಟ. ಜಿಪಿಎಸ್ ಆಫ್ ಮಾಡಿ, ರೇಡಿಯೋ ಮುಳ್ಳು ಮತ್ತು ಗಡಿಯಾರ ಮಾತ್ರ ಇಟ್ಟುಕೊಳ್ಳಿ. ಗುಡುಗಿನ ದಿನ ಮಾತ್ರ ಹೊರಡಬೇಡಿ. ನಮ್ಮ ಮನೆಗಳ ಯುಪಿಎಸ್ ಬ್ಯಾಟರಿ ನಂಬಿ ಹೊರಟರೆ ನಾಸಿಕ್ ದಾಟುವುದೇ ಅನುಮಾನ.